ಸುಧನ್ವ, ಚಂದ್ರಹಾಸ, ರನ್ನ, ತೇಜಸ್ವಿ: ಗಂಡು ಮಗುವಿಗೆ ಯಾವ ಹೆಸರು?

ಕರಾವಳಿಯಲ್ಲಿ ಸುಧನ್ವ, ಚಂದ್ರಹಾಸ ಇಬ್ಬರೂ ಯಕ್ಷಗಾನದ ರಂಗಸ್ಥಳದಿಂದಲೇ ಪರಿಚಿತರು. ಎರಡರ ಮೂಲವೂ ಲಕ್ಷ್ಮೀಶನ ಜೈಮಿನಿ ಭಾರತ. ಸುಧನ್ವ ಕುದಿಯುವ ಎಣ್ಣೆಯ ಕೊಪ್ಪರಿಗೆಯಿಂದ ಬದುಕಿ ಬಂದ ಭಕ್ತನಾದರೂ ಕೊನೆಗೆ ಅರ್ಜುನನೊಡನೆ ಕಾದಿ ಮಡಿಯುತ್ತಾನೆ. ಆ ಕಾರಣಕ್ಕೆ ಮನೆಯ ಹಿರಿಯರು ಒಪ್ಪದಿರಬಹುದು, ಮೊದಲೇ ಕೇಳಿ. ಚಂದ್ರಹಾಸ ಅನಾಥನಾಗಿ ಬೆಳೆದು, ವಿಷದ ಸಂಚನ್ನೂ ದಾಟಿ ರಾಜನಾದವನು. ಕಥೆಯಲ್ಲಿ ಇವನೇ ಮೇಲು. ಆದರೆ ಹೆಸರು ಉದ್ದ, ಕರೆಯುವಾಗ 'ಚಂದ್ರ' ಆಗಿಬಿಡುತ್ತದೆ.

ರನ್ನ ಚಿಕ್ಕದು, ಸಂಸ್ಕೃತದ 'ರತ್ನ'ದ ತದ್ಭವ, ಗದಾಯುದ್ಧದ ಕವಿಯ ನೆನಪು. ತೊಂದರೆ ಇಂಗ್ಲಿಷ್ ಅಕ್ಷರಗಳಲ್ಲಿ: ಹೊರಗಿನವರು ರಾಣಾ ಎಂದೂ ಓದಿಯಾರು. ತೇಜಸ್ವಿಗೆ ಅಂಥ ಗೊಂದಲವಿಲ್ಲ, ಆದರೆ ಹೆಣ್ಣುಮಕ್ಕಳಿಗೂ ಇಡುತ್ತಾರೆ; 'ವಿ'ಗೆ ಇಂಗ್ಲಿಷಿನಲ್ಲಿ ಎರಡು ಬರವಣಿಗೆ.

ನಕ್ಷತ್ರ ನೋಡುವವರಿಗೆ: 'ಸು' ಶತಭಿಷದ ನಾಲ್ಕನೇ ಪಾದ, 'ಚ' ರೇವತಿ, 'ರ' ಚಿತ್ತಾ, 'ತೇ' ವಿಶಾಖಾ, ಈ ಮೂರರಲ್ಲೂ ಮೂರನೇ ಪಾದ. ಹೊಂದದಿದ್ದರೆ ಜನ್ಮನಾಮ ಬೇರೆ ಇಟ್ಟು, ಇಷ್ಟದ್ದನ್ನು ವ್ಯವಹಾರಕ್ಕೆ ಇಟ್ಟುಕೊಳ್ಳಬಹುದು.

ದಾಖಲೆಯಲ್ಲಿ ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರು ಆಮೇಲೂ ಸೇರಿಸಬಹುದು. 12 ತಿಂಗಳವರೆಗೆ ಶುಲ್ಕವಿಲ್ಲ. ಇಂಗ್ಲಿಷ್ ಕಾಗುಣಿತ, ಕೊನೆಯ 'ಅ' ಬೇಕೋ ಬೇಡವೋ, ಶೆಟ್ಟಿ, ಭಟ್, ಪೂಜಾರಿಯಂಥ ಕುಲನಾಮ ಸೇರಿಸಬೇಕೋ ಎಂಬುದನ್ನು ಕಾಗದದಲ್ಲಿ ಬರೆದು ಒಪ್ಪಿದ ಮೇಲೆಯೇ ಅರ್ಜಿ ಕೊಡಿ. ಜನನ ಪ್ರಮಾಣಪತ್ರದಲ್ಲಿ 'ಚಂದ್ರಹಾಸ', ಆಧಾರ್‌ನಲ್ಲಿ 'ಚಂದ್ರಹಾಸ್' ಇದ್ದರೆ ಪಾಸ್‌ಪೋರ್ಟ್ ಹೊತ್ತಿಗೆ ಅಲೆದಾಟ ತಪ್ಪದು. ಹಿರಿಯರು ಒಪ್ಪಿದರೆ, ನಾಲ್ಕರಲ್ಲಿ ನಮ್ಮ ಆಯ್ಕೆ ಸುಧನ್ವ.