ಗಂಜ್ ಅಂಗಡಿಯಲ್ಲಿ ಪೈಥಾನಿನ ಗೆಟ್‌ಪಾಸ್: ಬಳಸಿದವನ ಮಾತು

ಗೆಟ್‌ಪಾಸ್ ಅನ್ನುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಪುಕ್ಕಟೆ ಬರುವ ಒಂದು ಸಣ್ಣ ಮಾಡ್ಯೂಲ್, ಅಂದರೆ ಸಿದ್ಧ ಕೋಡ್. ಅದು ಮಾಡುವ ಕೆಲಸ ಇಷ್ಟೇ: ಪಾಸ್‌ವರ್ಡ್ ಟೈಪ್ ಮಾಡುವಾಗ ಅಕ್ಷರಗಳು ಪರದೆ ಮೇಲೆ ಕಾಣದ ಹಾಗೆ ನೋಡಿಕೊಳ್ಳುವುದು. ನಾನು ಕಲಬುರಗಿಯ ನೆಹರು ಗಂಜ್‌ನಲ್ಲಿ ಅಡತ್ (ದಲಾಲಿ) ಅಂಗಡಿಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತೇನೆ. ಕಿಟಕಿ, ಬಟನ್ನು ಏನೂ ಇಲ್ಲದ ಕಪ್ಪು ಪರದೆಯ ಪ್ರೋಗ್ರಾಂಗಳು. ಹಳೇ ಕಂಪ್ಯೂಟರಿನಲ್ಲೂ ಓಡುತ್ತವೆ, ಅಷ್ಟು ಸಾಕು.

ಗಂಜ್‌ನಲ್ಲಿ ಲೆಕ್ಕ ಬರೆಯುವ ಮುನೀಮರು ಒಬ್ಬರೇ ಕೂತು ಕೆಲಸ ಮಾಡುವುದು ಅಪರೂಪ. ತೊಗರಿ ಬರುವ ದಿನಗಳಲ್ಲಂತೂ ಸುತ್ತ ರೈತರು, ಹಮಾಲರು, ದಾಲ್ ಮಿಲ್ಲಿನವರು. ತಮ್ಮ ಪಟ್ಟಿ ಎಷ್ಟಾಯ್ತು ಅಂತ ಎಲ್ಲರ ಕಣ್ಣೂ ಪರದೆ ಮೇಲೆ. ಒಂದು ಅಂಗಡಿಯಲ್ಲಿ ಯಾರೋ ಹಿಂದೆ ಬರೆದುಕೊಟ್ಟ ಪ್ರೋಗ್ರಾಂ ಪಾಸ್‌ವರ್ಡನ್ನು ಒತ್ತಿದ್ದೆಲ್ಲ ಪರದೆ ಮೇಲೆ ಕಾಣುವ ಸಾದಾ ಇನ್‌ಪುಟ್‌ನಿಂದ ಕೇಳುತ್ತಿತ್ತು. ಸಾವಕಾರರ ಪಾಸ್‌ವರ್ಡ್ ಚಹಾ ತರುವ ಹುಡುಗನಿಗೂ ಬಾಯಿಪಾಠ ಆಗಿತ್ತು. ಇನ್‌ಪುಟ್ ಇದ್ದಲ್ಲಿ ಗೆಟ್‌ಪಾಸ್ ಹಾಕಿದೆ, ಆ ಕಾಟ ಮುಗೀತು.

ವಿಂಡೋಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನಲ್ಲಿ ಇದು ಕೆಲಸ ಮಾಡುವ ರೀತಿ ನನಗೆ ತುಂಬಾ ಹಿಡಿಸಿದೆ. ನಾವು ಒತ್ತಿದ ಅಕ್ಷರವನ್ನು ಪರದೆಗೆ ತರುವುದು ನಮ್ಮ ಪ್ರೋಗ್ರಾಂ ಅಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗಿನ ಟರ್ಮಿನಲ್ (ಆ ಕಪ್ಪು ಪರದೆ) ಡ್ರೈವರ್. ಅದಕ್ಕೆ ಎಕೋ ಅನ್ನುತ್ತಾರೆ. ಗೆಟ್‌ಪಾಸ್ ಎಕೋ ಬಂದ್ ಮಾಡುತ್ತದೆ, ಒಂದು ಸಾಲು ಓದುತ್ತದೆ, ಮತ್ತೆ ಮೊದಲಿದ್ದ ಹಾಗೇ ಇಡುತ್ತದೆ. ಮಧ್ಯದಲ್ಲಿ ಕಂಟ್ರೋಲ್-ಸಿ ಒತ್ತಿ ಎದ್ದುಹೋದರೂ ಎಕೋ ವಾಪಸ್ ಬರುತ್ತದೆ. ಟರ್ಮಿನಲ್ ಸೆಟ್ಟಿಂಗ್ ಬದಲಿಸುವ ಎಸ್‌ಟಿಟಿವೈ (stty) ಕಮಾಂಡ್ ಹಾಕಿ ಕೈಯಾರೆ ಎಕೋ ಬಂದ್ ಮಾಡುವ ಶೆಲ್ ಸ್ಕ್ರಿಪ್ಟ್‌ಗಳಿಗೆ (ಕಮಾಂಡುಗಳನ್ನು ಸಾಲಾಗಿ ಬರೆದ ಫೈಲುಗಳಿಗೆ) ಎಷ್ಟೋ ಸಲ ಈ ಶಿಸ್ತು ಇರುವುದಿಲ್ಲ. ಅವು ನಡುವೆ ನಿಂತುಹೋದರೆ ಟರ್ಮಿನಲ್ ಮೂಕ ಆಗುತ್ತದೆ. ಆಗ ಕಣ್ಣಿಗೆ ಕಾಣದಿದ್ದರೂ ‘ಎಸ್‌ಟಿಟಿವೈ ಸೇನ್’ (stty sane) ಅಂತ ಟೈಪ್ ಮಾಡಿ ಎಂಟರ್ ಹೊಡೆಯಬೇಕು. ಇನ್ನು ಎಕೋ ಬಂದ್ ಮಾಡಲು ಆಗದಂಥ ಕಡೆ ಓಡಿಸಿದರೆ, ಗೆಟ್‌ಪಾಸ್ ಮೊದಲು ಎಚ್ಚರಿಕೆ ಕೊಟ್ಟು ಆಮೇಲೆ ಓದುತ್ತದೆ. ಕದ್ದುಮುಚ್ಚಿ ಏನೂ ಮಾಡುವುದಿಲ್ಲ.

ದೂರು ಬಂದದ್ದು ಮುನೀಮರಿಂದ. “ಸರ, ಕೀಬೋರ್ಡ್ ಕೆಟ್ಟದ ನೋಡ್ರಿ. ಎಷ್ಟ್ ಒತ್ತಿದ್ರೂ ಏನೂ ಮೂಡವಲ್ದು.” ಕೆಟ್ಟಿಲ್ರಿ ಕಾಕಾ, ಒತ್ತಿ ಎಂಟರ್ ಹೊಡೀರಿ ಅಂದರೆ ನಂಬಿಕೆ ಇಲ್ಲ. ಅವರ ಅನುಮಾನ ತಪ್ಪೂ ಅಲ್ಲ. ಎಟಿಎಂನಲ್ಲಿ ಚುಕ್ಕಿ ಮೂಡುತ್ತದೆ, ಫೋನಿನಲ್ಲಿ ಮೂಡುತ್ತದೆ, ಇಲ್ಲಿ ಮಾತ್ರ ಏನೂ ಇಲ್ಲ ಅಂದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ ಅಲ್ವಾ? ಚುಕ್ಕಿ ತೋರಿಸಿದರೆ ಪಾಸ್‌ವರ್ಡ್ ಎಷ್ಟುದ್ದ ಅಂತ ಗೊತ್ತಾಗುತ್ತದೆ ಅನ್ನುವವರಿದ್ದಾರೆ. ಗೊತ್ತಾಗಲಿ ಬಿಡಿ. ಚುಕ್ಕಿ ಇಲ್ಲ ಅಂತ ಮುನೀಮರು ಒಂದೊಂದೇ ಅಕ್ಷರ ಜೋರಾಗಿ ಹೇಳಿಕೊಂಡು ಒತ್ತುವುದಕ್ಕಿಂತ ಅದು ಎಷ್ಟೋ ವಾಸಿ.

2025ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.14ರಲ್ಲಿ ಇದಕ್ಕೆ ಪರಿಹಾರ ಇದೆ. ಎಕೋ-ಕ್ಯಾರ್ ಅಂತ ಹೊಸ ಆಯ್ಕೆ. ಅಲ್ಲಿ ನಕ್ಷತ್ರದ ಗುರುತು ಕೊಟ್ಟರೆ ಒಂದು ಅಕ್ಷರಕ್ಕೆ ಒಂದು ನಕ್ಷತ್ರ ಮೂಡುತ್ತದೆ. ಆಸ್ಕಿಯ, ಅಂದರೆ ಇಂಗ್ಲಿಷ್ ಕೀಬೋರ್ಡಿನ ಸಾದಾ ಗುರುತೇ ಆಗಬೇಕು, ಕನ್ನಡದ ‘೦’ ಕೊಟ್ಟರೆ ಒಪ್ಪುವುದಿಲ್ಲ. ತಡವಾಗಿ ಬಂದರೂ ಒಳ್ಳೆಯದು. ಆದರೆ ಗಂಜ್‌ನ ಎಷ್ಟೋ ಅಂಗಡಿಗಳಲ್ಲಿ ಇನ್ನೂ ವಿಂಡೋಸ್ 7 ಇದೆ. ಅದರಲ್ಲಿ ಓಡುವ ಕೊನೆಯ ಪೈಥಾನ್ 3.8. ನಕ್ಷತ್ರ ಅವರ ಪಾಲಿಗಿಲ್ಲ.

ವಿಂಡೋಸ್‌ನಲ್ಲಿ ಇನ್ನೂ ದೊಡ್ಡ ಕೊರತೆ ಒಂದಿದೆ. ಅಲ್ಲಿ ಗೆಟ್‌ಪಾಸ್ ಒಂದೊಂದೇ ಕೀ ಓದುತ್ತದೆ. ಬ್ಯಾಕ್‌ಸ್ಪೇಸ್ ಗೊತ್ತು, ಎಂಟರ್ ಗೊತ್ತು, ಕಂಟ್ರೋಲ್-ಸಿ ಗೊತ್ತು. ಉಳಿದದ್ದೆಲ್ಲ ಅದಕ್ಕೆ ಪಾಸ್‌ವರ್ಡೇ. ಹಿಂದೆ ಹೋಗೋಣ ಅಂತ ಬಾಣದ ಕೀ ಒತ್ತಿದರೆ, ಡಿಲೀಟ್ ಒತ್ತಿದರೆ, ಅದರ ಕೋಡ್ ಕೂಡ ಪಾಸ್‌ವರ್ಡಿನೊಳಗೆ ಸೇರಿಕೊಳ್ಳುತ್ತದೆ. ಏನೂ ಕಾಣುವುದಿಲ್ಲವಲ್ಲ, ಮುನೀಮರಿಗೆ ತಿಳಿಯುವುದಾದರೂ ಹೇಗೆ? ಲಿನಕ್ಸ್‌ನಲ್ಲೂ ಬಾಣದ ಕಥೆ ಇದೇ. ಆದರೆ ಅಲ್ಲಿ ಕಂಟ್ರೋಲ್-ಯು ಒತ್ತಿದರೆ ಇಡೀ ಸಾಲು ಅಳಿಸಿ ಹೊಸದಾಗಿ ಶುರು ಮಾಡಬಹುದು. ವಿಂಡೋಸ್‌ನಲ್ಲಿ ಅದೂ ಒಂದು ಅಕ್ಷರ ಅಂತಲೇ ಸೇರುತ್ತದೆ.

ಒಂದು ಮಾತು, ಇದು ಬೀಗ ಅಲ್ಲ. ಎದುರಿಗೆ ನಿಂತವರ ಕಣ್ಣಿಗಷ್ಟೇ ಮರೆ. ಕೈಗೆ ಬಂದ ಪಾಸ್‌ವರ್ಡ್ ಸಾದಾ ಸ್ಟ್ರಿಂಗ್ (ಹಾಗೇ ಓದಬಹುದಾದ ಅಕ್ಷರಗಳ ಸಾಲು), ಅದನ್ನು ಫೈಲಿನಲ್ಲಿ ಹಾಗೇ ಬರೆದಿಟ್ಟರೆ ಗೆಟ್‌ಪಾಸ್ ಏನು ಮಾಡೀತು? ಹಾಗಂತ ಪಾಸ್‌ವರ್ಡನ್ನು ಕಮಾಂಡಿನ ಜೊತೆಗೇ ಬರೆಯುವ ಚಾಳಿ ಇನ್ನೂ ಕೆಟ್ಟದ್ದು. ಅದು ಶೆಲ್‌ನ ಹಿಸ್ಟರಿಯಲ್ಲಿ (ಹಿಂದೆ ಹಾಕಿದ ಕಮಾಂಡುಗಳ ಪಟ್ಟಿಯಲ್ಲಿ) ಉಳಿಯುತ್ತದೆ, ಓಡುವಾಗ ಪಿಎಸ್ ಅನ್ನುವ, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಕಮಾಂಡ್ ಹಾಕಿದವರಿಗೂ ಕಾಣಬಹುದು.

ವಿಂಡೋಸ್ 7 ಇರುವ ಅಂಗಡಿಗಳಲ್ಲಿ ಈಗ ಗೆಟ್‌ಪಾಸ್ ತೆಗೆದಿದ್ದೇನೆ. ನಕ್ಷತ್ರ ತೋರಿಸುವ, ಬಾಣದ ಕೀಗಳನ್ನು ಬಿಟ್ಟುಬಿಡುವ ಪುಟ್ಟ ಫಂಕ್ಷನ್ ಒಂದನ್ನು ನಾನೇ ಬರೆದು ಹಾಕಿದೆ, ಜಾಸ್ತಿ ಸಾಲುಗಳೇನೂ ಬೇಕಾಗಲಿಲ್ಲ. ಲಿನಕ್ಸ್ ಇರುವಲ್ಲಿ ಗೆಟ್‌ಪಾಸೇ ಇದೆ, ಬದಲಿಸುವ ಯೋಚನೆ ಇಲ್ಲ.