ಬಿಡಿ ಅತ್ತರೋ, ಡಬ್ಬಿಯ ಪರ್ಫ್ಯೂಮೋ?

ತುಮಕೂರಿನ ಮಂಡಿಪೇಟೆ ಕಡೆ ಅತ್ತರು ಕೊಳ್ಳಲು ಹೊರಟವರು ಸುಮ್ನೆ ಮೂಸಿ ನೋಡಿ ತೀರ್ಮಾನ ಮಾಡಬೇಡಿ. ಆಲ್ಕೋಹಾಲ್ ಇಲ್ಲದ ಅತ್ತರು ಚರ್ಮ ಉರಿಸುವುದು ಕಡಿಮೆ, ನಿಜ. ಆದರೆ ಅಲರ್ಜಿ ತರುವುದು ಹೆಚ್ಚಾಗಿ ಪರಿಮಳದ ಅಂಶಗಳೇ. ಅಸಲಿ ಗುಲಾಬಿ ಎಣ್ಣೆಯಲ್ಲೂ ಜೆರಾನಿಯಾಲ್, ಸಿಟ್ರೊನೆಲೋಲ್‌ನಂಥ ಅಲರ್ಜಿಕಾರಕಗಳು ಇರುತ್ತವೆ. ಲೇಬಲ್ಲೇ ಇಲ್ಲದ ಪುಟ್ಟ ಶೀಶೆಯಲ್ಲಿ ಇನ್ನೇನಿದೆಯೋ, ಯಾರನ್ನು ಕೇಳುವುದು?

ಡಬ್ಬಿಯ ಪರ್ಫ್ಯೂಮ್‌ಗೆ ಬೆಲೆ ಜಾಸ್ತಿ. ಆದರೆ ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್, ಬಳಸುವ ಗಡುವು ಅದರ ಮೇಲಿರಬೇಕು. ಯುರೋಪಿನ ಲೇಬಲ್ಲಾದರೆ ಲಿನಲೂಲ್, ಲಿಮೊನೀನ್‌ನಂಥ ಅಲರ್ಜಿಕಾರಕಗಳ ಹೆಸರೂ ಸಿಗುತ್ತದೆ. ಪಟ್ಟಿಯಲ್ಲಿ ಬ್ಯುಟೈಲ್‌ಫೀನೈಲ್ ಮೀಥೈಲ್‌ಪ್ರೊಪಿಯೊನಲ್ ಎಂಬ ಪರಿಮಳ ರಾಸಾಯನಿಕ ಕಂಡರೆ ವಾಪಸ್ ಇಡಿ. ಯುರೋಪ್ ಅದನ್ನು 2022ರ ಮಾರ್ಚ್‌ನಿಂದ ನಿಷೇಧಿಸಿದೆ.

ಮೈಗೆ ಹಚ್ಚಲು ನನ್ನ ಆಯ್ಕೆ ಡಬ್ಬಿಯದೇ. ಬಿಡಿ ಅತ್ತರು ಇಷ್ಟವಾದರೆ ಬಟ್ಟೆಗೆ ಹಚ್ಚಿ. ಮಕ್ಕಳಿಗಂತೂ ಎರಡೂ ಬೇಡ.