ಪುಸ್ತಕ, ಬಣ್ಣದ ಸ್ಟಿಕ್ಕರ್, ಕಪ್ಪು ಕೀ: ಪುಟ್ಟ ಮಕ್ಕಳ ಪಿಯಾನೊ ಎಲ್ಲಿಂದ ಶುರು ಮಾಡಬೇಕು?

ಐದಾರು ವರ್ಷದ ಮಕ್ಕಳಿಗೆ ಪಿಯಾನೊ ಹೇಳಿಕೊಡಲು ನಾನು ಮೂರು ದಾರಿ ಬಳಸಿ ನೋಡಿದ್ದೇನೆ. ಮೊದಲ ದಿನದಿಂದಲೇ ಪುಸ್ತಕ ತೆರೆದು ನೊಟೇಷನ್ (ಗೆರೆಗಳ ಮೇಲೆ ಬರೆದ ಸ್ವರಗಳು) ಓದಿಸುವುದು, ಕೀಗಳಿಗೆ ಬಣ್ಣದ ಸ್ಟಿಕ್ಕರ್ ಅಂಟಿಸುವುದು, ಪುಸ್ತಕವಿಲ್ಲದೆ ಕೇಳಿಸಿಕೊಂಡೇ ಕಪ್ಪು ಕೀಗಳಲ್ಲಿ ನುಡಿಸುವುದು. ಮೂರರಲ್ಲೂ ಮಕ್ಕಳು ಕಲಿಯುತ್ತಾರೆ. ಆದರೆ ಪಾಠ ಮುಗಿದರೂ ಸ್ಟೂಲು ಬಿಟ್ಟು ಏಳದ ಮಕ್ಕಳನ್ನು ನಾನು ಕಂಡಿದ್ದು ಮೂರನೆಯದರಲ್ಲೇ ಜಾಸ್ತಿ.

ಪುಸ್ತಕದ ಪಾಠ ಸಾಮಾನ್ಯವಾಗಿ ಮಿಡಲ್ ಸಿ, ಅಂದರೆ ಪಿಯಾನೊದ ನಡುವಿನ ಸಿ ಸ್ವರದ ಕೀಯಿಂದ ಶುರುವಾಗುತ್ತದೆ. ಎರಡೂ ಹೆಬ್ಬೆರಳು ಒಂದೇ ಕೀ ಮೇಲೆ. ಪುಟ್ಟ ಮಗು ಹಾಗೆ ಕೂತರೆ ಮೊಣಕೈ ಮೈಗೆ ಅಂಟಿಕೊಳ್ಳುತ್ತದೆ, ಮಣಿಕಟ್ಟು ಸೊಟ್ಟಗಾಗುತ್ತದೆ. ಜೊತೆಗೆ ಯಾವ ಗೆರೆ, ಯಾವ ಕೀ, ಯಾವ ಬೆರಳು, ಎಷ್ಟು ಹೊತ್ತು ಎಂದು ನಾಲ್ಕು ವಿಷಯ ಒಟ್ಟಿಗೆ ಯೋಚಿಸಬೇಕು. ಅಷ್ಟರಲ್ಲಿ ಹಾಡು ಎಲ್ಲೋ ಕಳೆದುಹೋಗಿರುತ್ತದೆ. ಚೆನ್ನಾಗಿ ಓದಲು ಬರುವ ಎಂಟು ವರ್ಷದ ಮಗುವಿಗೆ ಇದೇ ದಾರಿ ಸಲೀಸು, ಅದನ್ನೂ ಹೇಳಲೇಬೇಕು.

ಸ್ಟಿಕ್ಕರ್ ಅಂಟಿಸಿದರೆ ಮೊದಲ ದಿನವೇ ಒಂದು ಹಾಡು ಬಂದುಬಿಡುತ್ತದೆ. ಅಪ್ಪ ಅಮ್ಮನಿಗೂ ಖುಷಿ. ಆದರೆ ಮಗು ನೋಡುವುದು ಬಣ್ಣವನ್ನು, ಕೀಯನ್ನಲ್ಲ. ಸ್ಟಿಕ್ಕರ್ ಕಿತ್ತರೆ ಕೈ ನಿಂತುಹೋಗುತ್ತದೆ. ಪಿಯಾನೊದಲ್ಲಿ ಗುರುತು ಮೊದಲೇ ಇದೆ ಅಲ್ವಾ? 88 ಕೀಗಳ ಉದ್ದಕ್ಕೂ ಕಪ್ಪು ಕೀಗಳು ಎರಡು, ಮೂರು, ಎರಡು, ಮೂರು ಎಂದು ಗುಂಪಾಗಿ ಬರುತ್ತವೆ. ಎರಡರ ಗುಂಪಿನ ಎಡಕ್ಕೆ ತಾಗಿಕೊಂಡಿರುವ ಬಿಳಿ ಕೀ ಯಾವಾಗಲೂ ಸಿ. ಮೇಲಿನಿಂದ ಬಣ್ಣದ ಪಟ್ಟಿ ಬೀಳುವ ಆಪ್‌ಗಳದ್ದೂ ಇದೇ ಕಥೆ. ಸರಿಯಾದ ಕೀ ಒತ್ತುವ ತನಕ ಕಾಯುವ ಆಪ್ ಆದರೆ ತಾಳವೂ ಮುರಿಯುತ್ತದೆ.

ಇನ್ನು ಕಪ್ಪು ಕೀಗಳು. ಹೆಬ್ಬೆರಳು ಒಂದನೆಯದು ಎಂದು ಎಣಿಸಿದರೆ, ಎರಡರ ಗುಂಪಿಗೆ ಎರಡನೇ, ಮೂರನೇ ಬೆರಳು. ಮೂರರ ಗುಂಪಿಗೆ ಎರಡು, ಮೂರು, ನಾಲ್ಕು. ಉದ್ದ ಬೆರಳುಗಳು ಎತ್ತರದ ಕೀ ಮೇಲೆ ಕೂರುವುದರಿಂದ ಕೈ ತಾನಾಗೇ ದುಂಡಗಾಗುತ್ತದೆ. ಪ್ರಸಿದ್ಧ ಪಿಯಾನೊ ಸಂಗೀತಗಾರ ಶೋಪಾನ್ ಕೂಡ ಶಿಷ್ಯರಿಗೆ ಮೊದಲು ಹೇಳಿಕೊಡುತ್ತಿದ್ದದ್ದು ಐದೂ ಕಪ್ಪು ಕೀ ಬರುವ ಬಿ ಮೇಜರ್ ಸ್ಕೇಲನ್ನು, ಅಂದರೆ ಬಿ ಯಿಂದ ಶುರುವಾಗುವ ಸ್ವರಗಳ ಸಾಲನ್ನು. ಬಿಳಿ ಕೀಗಳಷ್ಟೇ ಇರುವ ಸಿ ಮೇಜರ್ ಓದಲು ಸುಲಭ, ಕೈಗೆ ಕಷ್ಟ.

ನಾನು ಎಡಗಡೆ ಕೂತು ಕೆಳಗಿನ ಎಫ್ ಶಾರ್ಪ್, ಸಿ ಶಾರ್ಪ್ (ಎಫ್, ಸಿ ಕೀಗಳ ಬಲಕ್ಕೆ ತಾಗಿರುವ ಕಪ್ಪು ಕೀಗಳು) ಎರಡನ್ನೂ ನಿಧಾನಕ್ಕೆ ಶ್ರುತಿಯ ಹಾಗೆ ನುಡಿಸುತ್ತಿರುತ್ತೇನೆ. ಮಗು ಯಾವ ಕಪ್ಪು ಕೀ ಒತ್ತಿದರೂ ಹೊಂದುತ್ತದೆ, ಏಕೆಂದರೆ ಯಾವ ಎರಡು ಕಪ್ಪು ಕೀಗಳ ನಡುವೆಯೂ ಬರೀ ಅರ್ಧ ಸ್ವರದ ಅಂತರ ಇರುವುದಿಲ್ಲ. ಎಫ್ ಶಾರ್ಪನ್ನು ಷಡ್ಜ ಮಾಡಿಕೊಂಡರೆ ಅವು ಮೋಹನ ರಾಗದ ಸ್ವರಗಳೇ! "ಮಿಸ್, ಬೆಕ್ಕು ಮೆಲ್ಲಗೆ ಬರ್ತಿದೆ" ಎಂದು ಒಬ್ಬಳು ಕೆಳಗಿನ ಕೀಗಳನ್ನು ಒಂದೊಂದಾಗಿ, ಉಸಿರು ಹಿಡಿದು ಒತ್ತುತ್ತಾಳೆ. ಆಮೇಲೆ ಇಲಿ ಮೇಲಿನ ಕೀಗಳಲ್ಲಿ ಓಡುತ್ತದೆ. ಮೆಲ್ಲಗೆ, ಜೋರಾಗಿ, ಬಿಡಿಸಿ, ಕೂಡಿಸಿ ನುಡಿಸುವುದು ಆ ಆಟದಲ್ಲೇ ಬಂತು. ಬೆಕ್ಕು ಮುಗಿದ ಮೇಲೆ ಪ್ರಶ್ನೆ–ಉತ್ತರ: ನಾನು ನಾಲ್ಕು ಎಣಿಕೆಯ ತುಣುಕು ನುಡಿಸಿದರೆ ಅವಳು ಅದಕ್ಕೆ ಮರುನುಡಿ ಕೊಡಬೇಕು.

ಈ ದಾರಿಯಲ್ಲಿ ತೊಂದರೆಯೂ ಇದೆ. ಕಿವಿ ಚುರುಕಾದ ಮಕ್ಕಳು ಓದುವ ಹಾಗೆ ನಟಿಸಿ, ನೆನಪಿನಿಂದಲೇ ನುಡಿಸಿಬಿಡುತ್ತಾರೆ. ತುಂಬ ದಿನ ಹಾಗೇ ಬಿಟ್ಟರೆ ಓದು ಹಿಂದೆ ಬೀಳುತ್ತದೆ. ಹಾಗಾಗಿ ಕಪ್ಪು ಕೀಗಳಿಂದ ಬಿಳಿ ಕೀಗಳಿಗೆ ಬಂದು ಒಂದು ಹಾಡು ಕೈಗೆ ಕೂತ ಕೂಡಲೇ ಅದೇ ಹಾಡಿನ ನೊಟೇಷನ್ ಎದುರಿಗಿಡುತ್ತೇನೆ. ಮೊದಲು ಮೂರೇ ಗುರುತು: ಮಿಡಲ್ ಸಿ, ಟ್ರೆಬಲ್ ಕ್ಲೆಫ್ (ಮೇಲಿನ ಸ್ವರಗಳ ಗೆರೆಗಳ ಶುರುವಿನ ಚಿಹ್ನೆ) ಸುತ್ತಿಕೊಂಡಿರುವ ಗೆರೆಯ ಜಿ, ಬೇಸ್ ಕ್ಲೆಫ್‌ನ (ಕೆಳಗಿನ ಸ್ವರಗಳ ಚಿಹ್ನೆ) ಎರಡು ಚುಕ್ಕೆಗಳ ನಡುವಿನ ಎಫ್. ಉಳಿದವನ್ನು ಅಲ್ಲಿಂದ ಮೇಲಕ್ಕೆ, ಕೆಳಕ್ಕೆ ಎಣಿಸಿಕೊಂಡು ಅವರೇ ಹುಡುಕುತ್ತಾರೆ. ಪಾಠದ ಕೊನೆಯ ಐದು ನಿಮಿಷ ಇದಕ್ಕೆ ಸಾಕು, ಉಳಿದ ಹೊತ್ತೆಲ್ಲ ನುಡಿಸಲಿ.